ಬಿದ್ದು ನಕ್ಕವಳು

ನನ್ನ ಹೆಂಡತಿ ಆಫೀಸಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ತೀರಿಕೊಂಡಳು. ಹೀಗೆ ಹೇಳಿದರೆ ಕೇಳಿದವರು ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಾರೆ. ನಮ್ಮ ಕಡೆ ತೆಂಗಿನ ಮರದಿಂದ ಬಿದ್ದು ಸತ್ತವರಿದ್ದಾರೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಸೊಪ್ಪು ಕಟ್ಟಿದ ಕಡ್ಡಿ ಏರಿಸಲು ಹತ್ತಿ ಬಿದ್ದವರಿದ್ದಾರೆ, ಟ್ರ್ಯಾಕ್ಟರ್ ಮಗುಚಿ ಅಡಿಗೆ ಸಿಕ್ಕವರಿದ್ದಾರೆ. ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕೂರುವವರೂ ಬಿದ್ದು ಸಾಯುತ್ತಾರೆ ಎಂದು ಯಾರೂ ಅಂದುಕೊಂಡಿರುವುದಿಲ್ಲ. ಮಣ್ಣಿಗೆ ಬಂದಿದ್ದ ಹಿರಿಯರೊಬ್ಬರು, "ಆಪೀಸಲ್ಲಿ ಬೀಳಕ್ಕೆ ಏನದಪ್ಪ?" ಎಂದು ನನ್ನನ್ನೇ ಕೇಳಿದರು. ಅವರ ಪ್ರಶ್ನೆಗೆ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಪಿಯುಸಿಗೆ ಓದು ನಿಲ್ಲಿಸಿದವನು ನಾನು, ತಿಳಿದಷ್ಟು ಬರೆಯುತ್ತೇನೆ.

ನಮ್ಮೂರು ಕೋಟೆಯಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ ಒಳಗಿದೆ. ಹೆಗ್ಗಡದೇವನಕೋಟೆಯನ್ನು ನಾವು ಬರೀ ಕೋಟೆ ಎನ್ನುತ್ತೇವೆ. ಅವಳ ತವರು ಪಿರಿಯಾಪಟ್ಟಣದ ಕಡೆ, ಕಂಪಲಾಪುರದ ಹತ್ತಿರ. ಹುಣಸೂರಿನ ಕಾಲೇಜಿನಲ್ಲಿ ಡಿಗ್ರಿ ಮಾಡಿದ್ದಳು. ಮದುವೆಯಾದ ಮೇಲೆ ಪರೀಕ್ಷೆ ಬರೆದು ಕೋಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದಳು. ಬೆಳಗಿನ ಬಸ್ಸಿಗೆ ಹೋದರೆ ಸಂಜೆ ಬಸ್ಸಿಗೆ ಬರುತ್ತಿದ್ದಳು. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ಮಾತ್ರ ನಡುವೆ ಒಂದು ಸಲ ಫೋನ್ ಮಾಡುತ್ತಿದ್ದಳು. "ನೀವು ಮೇಲಕ್ಕೆ ಹತ್ಬೇಡಿ. ಆಳಿಗೆ ಹೇಳಿ" ಎನ್ನುತ್ತಿದ್ದಳು. ನಾನು ಬ್ಯಾರನ್ನಿನಿಂದ ಬೀಳುತ್ತೇನೆಂಬ ಭಯ ಅವಳಿಗೆ ಯಾವಾಗಲೂ ಇತ್ತು. ನಮ್ಮ ಮನೆಯಲ್ಲಿ ಯಾರಾದರೂ ಬೀಳುವುದಾದರೆ ಅದು ನಾನೇ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆಯುಧಪೂಜೆಗೆ ರಜೆ ಇರುವುದರಿಂದ ಅವಳ ಆಫೀಸಿನಲ್ಲಿ ಹಿಂದಿನ ದಿನವೇ ಪೂಜೆ. ಹೆಂಗಸರೆಲ್ಲ ಮಾತಾಡಿಕೊಂಡು ಒಂದೇ ಬಣ್ಣದ ಸೀರೆ ಉಡುತ್ತಿದ್ದರು. ಕಂಪ್ಯೂಟರಿಗೆ ವಿಭೂತಿ ಪಟ್ಟೆ, ಬೀರುವಿಗೆ ಚೆಂಡುಹೂ, ಜೀಪಿಗೆ ಬಾಳೆಕಂದು. ದೃಷ್ಟಿ ತೆಗೆಯುವ ಬೂದುಗುಂಬಳ ಮಾತ್ರ ಪ್ರತಿವರ್ಷವೂ ನಮ್ಮ ಮನೆಯದೇ. ದನದ ಕೊಟ್ಟಿಗೆಯ ಮೇಲೆ ಹಬ್ಬಿದ ಬಳ್ಳಿಯಿಂದ ನನ್ನ ತಾಯಿ ಆರಿಸಿ ಕೊಡುತ್ತಿದ್ದರು. ಆ ವರ್ಷದ ಕಾಯಿ ದೊಡ್ಡದು. ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದಳಂತೆ. ಕಂಡಕ್ಟರ್, "ಮೇಡಂ, ಕೂಸಿಗೆ ಟಿಕೆಟ್ ತಗಳಲ್ವಾ?" ಎಂದನಂತೆ. ಅವಳು, "ಇನ್ನೂ ಹಲ್ಲು ಬಂದಿಲ್ಲ ಕಣಪ್ಪ, ಫ್ರೀ" ಎಂದಳಂತೆ. ಇದನ್ನು ಸಂಜೆ ಅವಳೇ ಹೇಳಿದ್ದು.

ಅವಳು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ನಿಂತು ಅಲ್ಲ, ಫೋನಿನಲ್ಲಿ. ಅವಳ ಪಕ್ಕದ ಮೇಜಿನಲ್ಲಿ ಕೂರುವ ಗೆಳತಿ ಪೂಜೆಯನ್ನೆಲ್ಲ ವಿಡಿಯೊ ಮಾಡುತ್ತಿದ್ದಳು. ಅದರಲ್ಲಿ ಇದೂ ಸೇರಿಕೊಂಡಿದೆ.

ಆ ಕಚೇರಿಯ ಬಾಗಿಲ ಮೆಟ್ಟಿಲುಗಳಿಗೆ ಹೊಸದಾಗಿ ಗ್ರಾನೈಟ್ ಹಾಕಿಸಿದ್ದರು. ಮುಖ ಕಾಣುವ ಹಾಗೆ ಹೊಳೆಯುವ ಕಲ್ಲು. ಪೂಜೆಯೆಂದು ಎಲ್ಲರೂ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿದ್ದರು. ಕಾಯಿಯ ತೊಟ್ಟಿನ ಕಡೆ ಕೊರೆದು, ಒಳಗೆ ಕುಂಕುಮ ತುಂಬಿ, ಮೇಲೆ ಕರ್ಪೂರ ಹಚ್ಚಿ, ಬಾಗಿಲಿಗೆ ನೀವಾಳಿಸಿ ಮೇಲಿನ ಮೆಟ್ಟಿಲ ಮೇಲೇ ಒಡೆದರು. ಚೂರುಗಳು ಕೆಳಗಿನವರೆಗೂ ಹಾರಿದವು. ಕೆಂಪು ನೀರು, ಬೀಜ, ತಿರುಳು ಕಲ್ಲಿನ ಮೇಲೆಲ್ಲ ಹರಡಿತು. ದಿನಾ ಗುಡಿಸುವ ಹೆಂಗಸು ಪೊರಕೆ ತರಲು ಹೊರಟದ್ದೂ, ಯಾರೋ ಹಿರಿಯರು, "ದೃಷ್ಟಿ ತೆಗ್ದಿರದು ಕಣಮ್ಮ, ಮುಟ್ಬಾರ್ದು. ಹಬ್ಬ ಕಳ್ಕಂಡು ಗುಡ್ಸಿದ್ರಾಯ್ತು ಬುಡು" ಎಂದು ತಡೆದದ್ದೂ ವಿಡಿಯೊದಲ್ಲಿದೆ. ನಮ್ಮಲ್ಲಿ ಎಲ್ಲರೂ ಹಾಗೆಯೇ. ಒಡೆದ ಕಾಯಿಯನ್ನು ಮುಟ್ಟಿದವರಿಗೆ, ದಾಟಿದವರಿಗೆ ಆ ದೃಷ್ಟಿ ಅಂಟುತ್ತದೆ ಎನ್ನುತ್ತೇವೆ. ನಾನು ಅಲ್ಲಿದ್ದಿದ್ದರೂ ಅದೇ ಮಾತು ಹೇಳುತ್ತಿದ್ದೆ. ಅದಕ್ಕೇ ಎಲ್ಲರೂ ಚೂರುಗಳನ್ನು ಬಿಟ್ಟು ಒಂದು ಅಂಚಿನಲ್ಲಿ ಸಾಲಾಗಿ ಇಳಿಯುತ್ತಿದ್ದರು.

ನನ್ನವಳು ಕಡ್ಲೆಪುರಿ ತುಂಬಿದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜೀಪಿನ ಡ್ರೈವರಿಗೆ ಕೊಡಲು ಹೊರಟಿದ್ದಾಳೆ. ಒಂದು ಚೂರನ್ನು ತುಳಿಯಬಾರದೆಂದು ಪಕ್ಕಕ್ಕೆ ಹೆಜ್ಜೆ ಇಡುತ್ತಾಳೆ. ಅಲ್ಲಿ ಬೀಜದ ಲೋಳೆ ಇತ್ತು. ಎರಡೂ ಕಾಲು ಒಟ್ಟಿಗೆ ಮುಂದಕ್ಕೆ ಹೋಗುತ್ತವೆ. ಪುರಿ ಮೇಲಕ್ಕೆ ಹಾರುತ್ತದೆ. ಅವಳು ಹಿಂದಕ್ಕೆ ಬೀಳುತ್ತಾಳೆ. ತಟ್ಟೆಯ ಸದ್ದಿನಲ್ಲಿ ಬೇರೆ ಸದ್ದು ಕೇಳಿಸುವುದಿಲ್ಲ.

ಆಮೇಲೆ ಕೇಳುವುದು ನಗು. ಮೊದಲು ಒಬ್ಬರದು, ಆಮೇಲೆ ಎಲ್ಲರದು. "ಅಯ್ಯೋ ಮೇಡಂ, ಆಪೀಸ್ ದೃಷ್ಟಿನೆಲ್ಲ ನೀವೊಬ್ರೇ ತಗಂಬುಟ್ರಲ್ಲ!" ಎಂದು ಡ್ರೈವರ್ ಕೂಗುತ್ತಾನೆ. "ಅಕ್ಕ, ಎದ್ದೋಳಿ, ಪ್ರಮೋಷನ್ ಮೇಲಕ್ಕೆ ಕೊಡೋದು, ಕೆಳಕ್ಕಲ್ಲ" ಎಂದು ಗೆಳತಿಯ ದನಿ. ನನ್ನವಳು ಪುರಿಯ ನಡುವೆ ಕೂತು ಸೀರೆ ಸರಿಮಾಡಿಕೊಳ್ಳುತ್ತಾಳೆ. ನಾಚಿಕೆಯಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾಳೆ. ಒಂದು ಹಿಡಿ ಪುರಿ ತೆಗೆದು ಫೋನಿನ ಕಡೆ ಎಸೆಯುತ್ತಾಳೆ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

ಸಂಜೆ ಮನೆಗೆ ಬಂದವಳೇ ನಮಗೆಲ್ಲ ಅದನ್ನು ತೋರಿಸಿದಳು. ಕಾಲೇಜಿಗೆ ದಸರಾ ರಜೆ ಇದ್ದುದರಿಂದ ಮಗಳು ಮನೆಯಲ್ಲಿದ್ದಳು. ಅವಳು ಮತ್ತೆ ಮತ್ತೆ ಹಾಕಿ, ನಿಧಾನ ಮಾಡಿ ಹಾಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಅಮ್ಮ, ಪುರಿ ಹಾರಿರದು ನೋಡು, ಸಿನಿಮಾದಲ್ಲಿ ಹೂ ಚೆಲ್ದಂಗದೆ!" ಎಂದಳು. ನಾನು ಬ್ಯಾರನ್ನಿನ ಒಲೆಗೆ ಸೌದೆ ಹಾಕಿ ಬಂದಿದ್ದೆ. ನಾನೂ ನಕ್ಕೆ. ನನ್ನ ತಾಯಿ ಮಾತ್ರ ನಗಲಿಲ್ಲ. ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿ, "ದೊಡ್ಡದಾಗಿ ಬರದು ಚಿಕ್ಕದ್ರಲ್ಲೇ ಹೋಯ್ತು ಬುಡವ್ವ" ಎಂದರು. ಆ ಮಾತು ಕೇಳಿ ನಮಗೆಲ್ಲ ಸಮಾಧಾನವೇ ಆಯಿತು. ಆಫೀಸಿನಲ್ಲೂ ಎಲ್ಲರೂ ಅದನ್ನೇ ಹೇಳಿದ್ದರಂತೆ.

"ಪೆಟ್ಟಾಯ್ತಾ?" ಎಂದು ಕೇಳಿದೆ.

"ಹಿಂದೆ ಒಂಚೂರು ಊದದೆ. ತಲೆ ದಿಮ್ ಅಂತದೆ."

ಕೂದಲೊಳಗೆ ಕೈ ಹಾಕಿ ನೋಡಿದೆ. ನಿಂಬೆಹಣ್ಣಿನಷ್ಟು ಊದಿತ್ತು. ರಕ್ತ ಇರಲಿಲ್ಲ. ತಾಯಿ ಕೊಬ್ಬರಿ ಎಣ್ಣೆ ಹಚ್ಚಿದರು. ಊಟ ಬೇಡ, ಪುರಿ ತಿಂದೇ ಹೊಟ್ಟೆ ತುಂಬಿದೆ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಪಿತ್ತ ಎಂದರು ತಾಯಿ.

"ಕೋಟೆ ಆಸ್ಪತ್ರೆಗೆ ಒಂದ್ಸಲ ತೋರ್ಸ್ಕಂಡು ಬರಾಣ್ವಾ?" ಎಂದೆ.

"ಹಬ್ಬದ ಹೊತ್ನಲ್ಲಿ ಆಸ್ಪತ್ರೆ ಬಾಗ್ಲು ತುಳೀತಾರಾ? ನಾನು ಬಿದ್ದಿರದು ಆಫೀಸ್ ಮೆಟ್ಲಲ್ಲಿ ಕಣ್ರೀ, ನಿಮ್ಮ ಬ್ಯಾರನ್ನಿಂದಲ್ಲ" ಎಂದು ನಕ್ಕಳು.

ಮಾರನೆಯ ದಿನ ನಮ್ಮ ಮನೆಯ ಆಯುಧಪೂಜೆ. ಅವಳು ಎಂದಿನಂತೆ ಎದ್ದಳು. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡಲು ಕೂತಳು. ಅವಳ ಎಳೆ ಎಂದೂ ತಪ್ಪುತ್ತಿರಲಿಲ್ಲ. ಆ ದಿನ ಒಂದು ಎಳೆ ಚುಕ್ಕಿಗಳನ್ನು ಬಿಟ್ಟು ಹೊಸಿಲಿನ ಕಡೆಗೆ ಹೋಗಿಬಿಟ್ಟಿತು. ಅವಳು ಅದನ್ನು ನೋಡುತ್ತಾ ಸುಮ್ಮನೆ ಕೂತಿದ್ದಳು. ಹಬ್ಬದ ಕೆಲಸದ ಆಯಾಸ ಅಂದುಕೊಂಡೆ. ಟ್ರ್ಯಾಕ್ಟರಿನ ಚಕ್ರಕ್ಕೆ ವಿಭೂತಿ ಹಚ್ಚಿದಳು. ಮುಂದಿನ ಚಕ್ರಕ್ಕೆ ಹೋಗುವ ಬದಲು ಅದೇ ಚಕ್ರಕ್ಕೆ ಮತ್ತೆ ಹಚ್ಚಿದಳು, ಮತ್ತೆ ಹಚ್ಚಿದಳು. ಮಗಳನ್ನು ತನ್ನ ತಂಗಿಯ ಹೆಸರಿನಿಂದ ಕರೆದಳು. ಮಗಳು ಇನ್ನೂ ನಗುತ್ತಲೇ, "ಅಪ್ಪ, ಅಮ್ಮಂಗೆ ಎಲ್ಲ ಮರ್ತೋಗದೆ" ಎಂದಳು. ನಾನು ಕೈಯಲ್ಲಿದ್ದ ಹೂವನ್ನು ಕೆಳಗಿಟ್ಟು ಅವಳ ಹತ್ತಿರ ಹೋದೆ.

"ನಿದ್ದೆ ಬತ್ತದೆ" ಎಂದು ಬ್ಯಾರನ್ನಿನ ಗೋಡೆಗೆ ಒರಗಿ ಕೂತಳು. ಅಷ್ಟೆ. ಹೆಸರು ಹಿಡಿದು ಕೂಗಿದರೆ ಹೂಂ ಎನ್ನುತ್ತಿದ್ದಳು, ಕಣ್ಣು ಬಿಡುತ್ತಿರಲಿಲ್ಲ. ಹಣೆಗೆ ನೀರು ತಟ್ಟಿದೆವು. ತಾಯಿ ದೇವರ ಮುಂದಿನ ಕುಂಕುಮ ತಂದು ಹಚ್ಚಿದರು. ಎಡಗೈ ಎತ್ತಿ ಬಿಟ್ಟರೆ ಸತ್ತ ಕೈಯ ಹಾಗೆ ಬೀಳುತ್ತಿತ್ತು.

ನಮ್ಮಲ್ಲಿ ಇರುವುದು ಟ್ರ್ಯಾಕ್ಟರ್ ಮತ್ತು ಬೈಕು. ಊರಿನಲ್ಲಿ ಕಾರಿರುವ ಮನೆಗೆ ಓಡಿದೆ. ಕಾರು ತೊಳೆದು ನಿಲ್ಲಿಸಿದ್ದರು. ಹೂವಿನ ಹಾರ ಅರ್ಧ ಕಟ್ಟಿತ್ತು. "ಪೂಜೆ ಆಗ್ದೆ ಕೀ ಹಾಕಂಗಿಲ್ವಲ್ಲಣ್ಣ. ಒಂದು ಗಳಿಗೆ ತಡ್ಕೋ, ಅಯ್ನೋರು ಬತ್ತಾವ್ರೆ" ಎಂದರು. ಅವರು ಕೆಟ್ಟವರಲ್ಲ. ಆ ದಿನ ಯಾರೂ ಹಾಗೆ ಗಾಡಿ ತೆಗೆಯುವುದಿಲ್ಲ. ಇನ್ನೊಂದು ಮನೆಗೆ ಓಡಿದೆ, ಅಲ್ಲೂ ಅದೇ. ನಾನು ಅವರ ಅಂಗಳದಲ್ಲೇ ನೆಲಕ್ಕೆ ಕೂತು ಕಿರುಚಿದೆ. ಏನೆಂದು ಕಿರುಚಿದೆನೋ ಗೊತ್ತಿಲ್ಲ. ಆ ಮನೆಯ ಅಜ್ಜಿ ಹೊರಗೆ ಬಂದು, "ಪೂಜೆ ಮನೆ ಹಾಳಾಗೋಗ್ಲಿ, ಕೀ ಹಾಕ್ಲಾ!" ಎಂದು ಮೊಮ್ಮಗನ ಬೆನ್ನಿಗೆ ಗುದ್ದಿದಳು. ಅವನು ಚಕ್ರದ ಕೆಳಗೆ ಇಟ್ಟಿದ್ದ ನಿಂಬೆಹಣ್ಣನ್ನು ಹಾಗೇ ತುಳಿಸಿಕೊಂಡು ಗಾಡಿ ತೆಗೆದ.

ಕೋಟೆ ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಟಾರ್ಚ್ ಹಾಕಿ ನೋಡಿದರು. ಒಂದು ಕಣ್ಣಿನ ಕಪ್ಪು ದೊಡ್ಡದಾಗಿತ್ತು. "ಎಲ್ಲಾದ್ರೂ ಬಿದ್ದಿದ್ರಾ?" ಎಂದರು.

"ನೆನ್ನೆ ಆಫೀಸ್ನಲ್ಲಿ ಜಾರಿ ಬಿದ್ಲು ಸಾರ್" ಎಂದೆ.

"ನೆನ್ನೆನಾ?" ಎಂದರು. ಮೈಸೂರಿಗೆ ಈಗಲೇ ಹೊರಡಿ ಎಂದರು. ಆಂಬುಲೆನ್ಸ್ ಬೇರೆ ರೋಗಿಯನ್ನು ಕರೆದುಕೊಂಡು ಹೋಗಿತ್ತು. ಅದೇ ಕಾರಿನಲ್ಲಿ ಹೊರಟೆವು.

ಆ ದಾರಿಯನ್ನು ನಾನು ಹೇಗೆ ಹೇಳಲಿ. ಹಿಂದಿನ ಸೀಟಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಹ್ಯಾಂಡ್‌ಪೋಸ್ಟಿನಲ್ಲಿ, ಹಂಪಾಪುರದಲ್ಲಿ, ದಾರಿಯುದ್ದಕ್ಕೂ ಪ್ರತಿ ಅಂಗಡಿಯ ಮುಂದೆ, ಪ್ರತಿ ಗ್ಯಾರೇಜಿನ ಮುಂದೆ ಕುಂಬಳಕಾಯಿ ಒಡೆದಿದ್ದರು. ಒಡೆಯುತ್ತಲೂ ಇದ್ದರು. ರಸ್ತೆಯೆಲ್ಲ ಕೆಂಪು ತಿರುಳು. ಮುಂದೆ ಬೈಕಿನವರು ಜಾರಿ ಬೀಳಬಾರದೆಂದು ಕಾಲು ಊರಿಕೊಂಡು ಹೋಗುತ್ತಿದ್ದರು, ನಮ್ಮ ಗಾಡಿ ಅವರ ಹಿಂದೆ ತೆವಳುತ್ತಿತ್ತು. ಹುಡುಗ ಹಾರನ್ ಮೇಲಿನ ಕೈ ತೆಗೆಯಲಿಲ್ಲ. ಜನ ನಮ್ಮ ಕಾರಿನ ಹೂವನ್ನು ಕಂಡು ಹಬ್ಬದ ಉತ್ಸಾಹ ಅಂದುಕೊಂಡು ಕೈ ಬೀಸಿದರು. ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು, "ಮಲಗ್ಬೇಡ, ಮಲಗ್ಬೇಡ ಕಣೇ" ಎಂದು ಹೇಳುತ್ತಲೇ ಇದ್ದೆ. ಮುಂದಿನ ಸೀಟಿನಿಂದ ಮಗಳು ಹಿಂದಕ್ಕೆ ತಿರುಗಿ ಅವಳ ಕಾಲು ತಿಕ್ಕುತ್ತಿದ್ದಳು. ಒಂದು ಸಲ ಅವಳ ತುಟಿ ಅಲುಗಿತು. "ಸೌದೆ" ಎಂದ ಹಾಗಾಯಿತು. ಬ್ಯಾರನ್ನಿನ ಒಲೆಗೆ ಸೌದೆ ಹಾಕುವ ಹೊತ್ತು ಮೀರಿತ್ತು. ಅದೇ ಇರಬೇಕು. ಬೇರೆ ಏನನ್ನೋ ಹೇಳಿದ್ದರೆ ಅದು ನನಗೆ ತಿಳಿಯಲಿಲ್ಲ. ಆಮೇಲೆ ಅವಳು ಮಾತಾಡಲಿಲ್ಲ.

ಮೈಸೂರಿನಲ್ಲಿ ದಸರಾ ಜನ. ತಿರುವು ತಿರುವಿಗೂ ಅಡ್ಡಗಟ್ಟಿದ್ದರು. ಪೊಲೀಸಿನವರೊಬ್ಬರು ಒಳಗೆ ಬಗ್ಗಿ ನೋಡಿ, ಏನೂ ಕೇಳದೆ ಅಡ್ಡಗಟ್ಟನ್ನು ತಾವೇ ಎಳೆದು ದಾರಿ ಮಾಡಿಕೊಟ್ಟರು. ಅವರಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ತಲೆಯೊಳಗೆ ರಕ್ತ ಕಟ್ಟಿ ಮೆದುಳನ್ನು ಒತ್ತುತ್ತಿದೆ ಎಂದರು. ಆಪರೇಷನ್ ಮಾಡಿದರು. ಅವಳ ಕೂದಲನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಗಳ ಕೈಗೆ ಕೊಟ್ಟರು. ಜಡೆಯಲ್ಲಿ ಹಿಂದಿನ ದಿನದ ಕನಕಾಂಬರ ಹಾಗೇ ಇತ್ತು. ಡಾಕ್ಟರು ಹೊರಗೆ ಬಂದು ನನ್ನನ್ನು ಪಕ್ಕಕ್ಕೆ ಕರೆದು, "ಬಿದ್ದ ದಿನವೇ ಬಂದಿದ್ರೆ..." ಎಂದರು. ವಿಜಯದಶಮಿಯ ದಿನ ಅವಳು ಹೋದಳು. ಹೊರಗೆ ಊರಿಗೆ ಊರೇ ಮೆರವಣಿಗೆ ನೋಡಲು ಹೋಗುತ್ತಿತ್ತು.

ಆಫೀಸಿನವರೆಲ್ಲ ಬಂದಿದ್ದರು. ಡ್ರೈವರ್ ನನ್ನ ಕಾಲು ಹಿಡಿದುಕೊಂಡು, "ತಮಾಷೆಗಂದೆ ಕಣಣ್ಣ, ದೃಷ್ಟಿ ತಗಂಬುಟ್ರಿ ಅಂತ ತಮಾಷೆಗಂದೆ" ಎಂದು ಅತ್ತ. ವಿಡಿಯೊ ಮಾಡಿದ ಗೆಳತಿ ಅಳಲೂ ಇಲ್ಲ, ಮೂಲೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದಳು. ನನಗೆ ಯಾರ ಮೇಲೂ ಕೋಪ ಬರಲಿಲ್ಲ. ಕೋಪ ಬಂದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಎಲ್ಲರೂ ಒಳ್ಳೆಯದಾಗಲೆಂದೇ ಎಲ್ಲವನ್ನೂ ಮಾಡಿದ್ದರು. ಕಾಯಿ ಒಡೆದದ್ದು ಅದಕ್ಕೇ, ಗುಡಿಸದೆ ಬಿಟ್ಟದ್ದೂ ಅದಕ್ಕೇ. ಅವಳು ಚೂರನ್ನು ತುಳಿಯದೆ ಪಕ್ಕಕ್ಕೆ ಹೋದದ್ದು ಸಹ ಅದಕ್ಕೇ.

ಮಗಳು ತನ್ನ ಫೋನಿನಿಂದ ವಿಡಿಯೊ ಅಳಿಸಿದಳು. ಅವಳು ಈಗ ಗಟ್ಟಿಯಾಗಿ ನಗುವುದಿಲ್ಲ. ನಗು ಬಂದರೆ ತಡೆದು ಮೊದಲು ಸುತ್ತ ನೋಡುತ್ತಾಳೆ. "ಅಪ್ಪ, ನೀನೂ ಡಿಲೀಟ್ ಮಾಡು" ಎಂದು ಬೇಡಿಕೊಂಡಳು. ಆಯಿತು ಎಂದೆ, ಮಾಡಲಿಲ್ಲ. ಅದರಲ್ಲಿ ನನ್ನವಳು ನಗುತ್ತಿದ್ದಾಳೆ. ಬೇರೆ ಫೋಟೊಗಳಲ್ಲೆಲ್ಲ ಬಿಗಿದುಕೊಂಡು ನಿಂತಿದ್ದಾಳೆ.

ಹೋದ ಮಳೆಗಾಲದಲ್ಲಿ ಕೊಟ್ಟಿಗೆಯ ಪಕ್ಕ ಕುಂಬಳದ ಬಳ್ಳಿ ತಾನಾಗಿಯೇ ಎದ್ದಿತು. ಒಂದು ಬೆಳಿಗ್ಗೆ ನೋಡಿದರೆ ಇರಲಿಲ್ಲ. ತಾಯಿಯ ಉಗುರಿನಲ್ಲಿ ಮಣ್ಣಿತ್ತು.

ಮೊನ್ನೆ ಕೃಷ್ಣರಾಜನಗರಕ್ಕೆ ಹೋಗಿದ್ದೆ. ಅವಳ ತಂಗಿಯನ್ನು ಕೊಟ್ಟಿರುವುದು ಅಲ್ಲಿಯ ಭತ್ತದ ಊರಿಗೆ. ಅವರಿಗೆ ಬಿತ್ತನೆ ಭತ್ತ ತರಲು ಒಂದು ಸೊಸೈಟಿಯ ಆಫೀಸಿನಲ್ಲಿ ಸರದಿಯಲ್ಲಿ ನಿಂತಿದ್ದೆ. ಅಲ್ಲಿಯ ಗುಮಾಸ್ತರೊಬ್ಬರು ಗೋಡೆ ಗಡಿಯಾರಕ್ಕೆ ಸೆಲ್ ಹಾಕಲು ಚಕ್ರದ ಕುರ್ಚಿಯ ಮೇಲೆ ಹತ್ತಿದರು. ನಾನು ಬಾಯಿ ತೆರೆಯುವುದರೊಳಗೆ ಕುರ್ಚಿ ಹಿಂದಕ್ಕೆ ಉರುಳಿತು. ಅವರ ತಲೆ ಕಬ್ಬಿಣದ ಬೀರುವಿಗೆ ಹೊಡೆಯಿತು. ಎಲ್ಲರೂ ನಕ್ಕರು. "ಸಾರ್ ಟೈಮ್ ಸರಿ ಇಲ್ಲ" ಎಂದು ಯಾರೋ ಅಂದರು. ಅವರೂ ಪ್ಯಾಂಟು ಕೊಡವಿಕೊಂಡು ನಗುತ್ತಾ ಎದ್ದರು. "ಹೋಗ್ಲಿ ಬುಡ್ರಿ, ದೊಡ್ಡದು ಚಿಕ್ಕದ್ರಲ್ಲಿ ಹೋಯ್ತು" ಎಂದರು.

ನಾನು ಸರದಿ ಬಿಟ್ಟು ಒಳಗೆ ನುಗ್ಗಿ ಅವರ ಕೈ ಹಿಡಿದೆ.

"ಆಸ್ಪತ್ರೆಗೆ ನಡೀರಿ."

"ಯಾರ್ರೀ ನೀವು? ಏನೂ ಆಗಿಲ್ಲ ಕಣ್ರೀ."

"ತಲೆಗೆ ಬಿದ್ದದೆ. ಈಗ್ಲೇ ನಡೀರಿ."

"ಆಸ್ಪತ್ರೆಯೋರು ಏಜೆಂಟ್ ಮಡಗವ್ರೆ ಕಣ್ಲಾ" ಎಂದು ಸರದಿಯಲ್ಲಿದ್ದವನೊಬ್ಬ ಅಂದ. ಮತ್ತೆ ನಗು. ಅವರು ಕೈ ಬಿಡಿಸಿಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಆ ವಿಡಿಯೊ ಹಾಕಿ ಅವರ ಮುಖದ ಮುಂದೆ ಹಿಡಿದೆ. ಅಕ್ಕಪಕ್ಕದವರೂ ಬಗ್ಗಿ ನೋಡಿದರು. ಪುರಿ ಹಾರಿದಾಗ ಅವರೆಲ್ಲ ನಕ್ಕರು, ಯಾರಿಗಾದರೂ ನಗು ಬರುತ್ತದೆ. ಅವಳು ಪುರಿ ಎಸೆದಳು, ವಿಡಿಯೊ ಮುಗಿಯಿತು.

"ನನ್ನ ಹೆಂಡ್ತಿ. ಮೂರನೇ ದಿನ ಮಣ್ಣು ಮಾಡ್ದೋ" ಎಂದೆ.

ಆಮೇಲೆ ಯಾರೂ ಏಜೆಂಟ್ ಎನ್ನಲಿಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ಸ್ಕ್ಯಾನಿಗೆ ಬರೆದುಕೊಟ್ಟರು. ಅವರ ಮಗ ಬಂದು ಮೈಸೂರಿಗೆ ಕರೆದುಕೊಂಡು ಹೋದ. ನಾನು ನನ್ನ ಫೋನ್ ನಂಬರ್ ಕೊಟ್ಟು ಬಸ್ ನಿಲ್ದಾಣದಲ್ಲಿ ಕೂತೆ. ಹುಣಸೂರಿನ ಬಸ್ಸುಗಳು ಬಂದವು, ಹೋದವು. ಯಾರೋ ಗೊತ್ತಿಲ್ಲದ ಮನುಷ್ಯನಿಗಾಗಿ ಒಂದನ್ನೂ ಹತ್ತದೆ ಕೂತಿದ್ದೆ. ಈ ಸಲವೂ ತಡವಾಗಿದ್ದರೆ ನನ್ನಿಂದ ತಡೆಯಲು ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಸಂಜೆ ಹೊತ್ತಿಗೆ ಫೋನ್ ಬಂತು.

"ಏನೂ ಇಲ್ವಂತೆ ಕಣ್ರೀ! ಎಲ್ಲ ಸರಿಯಾಗೇ ಅದೆಯಂತೆ. ಸುಮ್ನೆ ಎದ್ರುಸ್‌ಬುಟ್ರಲ್ಲ ನೀವು" ಎಂದರು. ನಕ್ಕರು. ಹಿಂದಿನಿಂದ ಅವರ ಮಗ, "ಅಪ್ಪ, ಥ್ಯಾಂಕ್ಸ್ ಹೇಳು" ಎನ್ನುತ್ತಿದ್ದುದು ಕೇಳಿಸಿತು.

ಸಂತೋಷ ಎಂದೆ. ಮಾತು ಮುಗಿದಿತ್ತು. ಆದರೂ ಅವರು ಅತ್ತ ಮಗನ ಜೊತೆ ಮಾತಾಡಿಕೊಂಡು ನಗುತ್ತಿದ್ದರು, ಫೋನ್ ಇಡುವುದನ್ನು ಮರೆತಿದ್ದರು. ನಾನೂ ಇಡಲಿಲ್ಲ. ಅವರ ಹವಾಯಿ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅವರು ನಡೆದುಕೊಂಡು ಹೋಗುತ್ತಿದ್ದರು.